ಸಹಾಯ ಬೇಕು: ಟರ್ಬೊ ಸುತ್ತ ಆಯಿಲ್ ಲೀಕ್, ಮೂಲ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಅಡಿಕೆ ಸಾಗಿಸುವ ನಮ್ಮ ಡೀಸೆಲ್ ಪಿಕಪ್‌ನಲ್ಲಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಕೆಳಭಾಗ ಪೂರ್ತಿ ಆಯಿಲ್. ಗ್ಯಾರೇಜಿನವರು ನೋಡಿದ ಕೂಡಲೇ ‘ಟರ್ಬೊ ಹೋಗಿದೆ, ಹೊಸದು ಹಾಕಿ’ ಅಂದರು. ನನಗೆ ಒಪ್ಪಲಾಗುತ್ತಿಲ್ಲ. ಪುಲ್ಲಿಂಗ್ ಚೆನ್ನಾಗಿದೆ, ಸೀಟಿ ಶಬ್ದವಿಲ್ಲ. ಟರ್ಬೊ ಒಳಗೆ ತಿರುಗುವ ಶಾಫ್ಟಿಗೆ ಹಿಂದೆ ಮುಂದೆ ಆಟ ಕಾಣುತ್ತಿಲ್ಲ. ಪಕ್ಕಕ್ಕೆ ಸ್ವಲ್ಪ ಇದೆ, ಅಷ್ಟು ಇರುವುದು ಸಹಜ.

ಲೋಡ್ ಮಾಡುವಾಗ ತುಂಬಾ ಹೊತ್ತು ಐಡ್ಲಿಂಗ್‌ನಲ್ಲಿಟ್ಟರೆ ನೀಲಿ ಹೊಗೆ ಬರುತ್ತದೆ, ಏರು ಹತ್ತುವಾಗ ಇಲ್ಲ. ಹಾಗಾಗಿ ನನ್ನ ಅನುಮಾನ ಟರ್ಬೊದಿಂದ ಆಯಿಲ್ ಎಂಜಿನ್ನಿಗೆ ವಾಪಸ್ ಇಳಿಯುವ ರಿಟರ್ನ್ ಪೈಪಿನ ಮೇಲೆ. ಅದು ಕಟ್ಟಿದರೆ, ಅಥವಾ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ದಾರಿ) ಕಟ್ಟಿ ಎಂಜಿನ್ ಒಳಗೆ ಒತ್ತಡ ಏರಿದರೆ, ಎಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯಬೇಕಾದ ಆಯಿಲ್ ಟರ್ಬೊ ಸೀಲ್ ದಾಟಿ ಹೊರಬರುತ್ತದಲ್ಲವೇ? ಹಾಗಿದ್ದರೆ ಹೊಸ ಟರ್ಬೊ ಹಾಕಿದರೂ ಅದೇ ಕತೆ.

ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಎಷ್ಟು ಜೋರಾಗಿ ಗಾಳಿ ಬಂದರೆ ಒತ್ತಡ ಜಾಸ್ತಿ ಎನ್ನಬೇಕು? ಎಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗಿನಿಂದ ಸುರಿಯುತ್ತಿದೆಯೇ ಎಂದು ನೋಡಲು ಎಲ್ಲ ತೊಳೆದು ಒಣಗಿಸಿ ಪೌಡರ್ ಹಾಕಿ ಓಡಿಸುವವನಿದ್ದೇನೆ. ಬೇರೆ ಉಪಾಯವಿದ್ದರೆ ಹೇಳಿ. ಟರ್ಬೊದಿಂದ ಬರುವ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸಿನೊಳಗೂ ಆಯಿಲ್ ಪಸೆ ಇದೆ. ಅದು ಹೆಚ್ಚಿ ಎಂಜಿನ್ ಆಯಿಲನ್ನೇ ಕುಡಿದು ತಾನಾಗಿ ರೇಸ್ ಆದರೆ ಎಂಬ ಭಯ ನನಗೆ.

ರಿಟರ್ನ್ ಪೈಪ್ ಬಿಚ್ಚಿ ನೋಡಿಯೇ ತೀರ್ಮಾನ ಹೇಳುವ ಟರ್ಬೊ ಕೆಲಸದವರು ಕಾಸರಗೋಡು, ಪುತ್ತೂರು, ಮಂಗಳೂರು ಕಡೆ ಇದ್ದರೆ ದಯವಿಟ್ಟು ತಿಳಿಸಿ.