ಅಕೌಂಟ್ ಮೈನಸ್‌ಗೆ ಹೋಗಿದೆ, ಕೇಳದ ಕ್ರೆಡಿಟ್ ಕಾರ್ಡಿಗೆ ಬಿಲ್ ಬಂದಿದೆ. ಹಣ ವಾಪಸ್ ಪಡೆಯೋದು ಹೇಗೆ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಕೆಲಸ ಬಿಟ್ಟೆ. ಕಂಪನಿಯವರು ಮಾಡಿಸಿಕೊಟ್ಟಿದ್ದ ಸಂಬಳದ ಅಕೌಂಟ್ ಹಾಗೇ ಇತ್ತು. ಸಂಬಳ ನಿಂತ ಮೇಲೆ ಬ್ಯಾಂಕಿನವರು ಅದನ್ನು ಮಾಮೂಲಿ ಸೇವಿಂಗ್ಸ್ ಅಕೌಂಟ್ ಮಾಡಿದ್ದಾರೆ. ಅದರಲ್ಲಿ 1,700 ರೂಪಾಯಿ ಬಿಟ್ಟಿದ್ದೆ. ಈಗ ಸ್ಟೇಟ್‌ಮೆಂಟ್ ತೆಗೆದರೆ, ಮೂರು ತಿಂಗಳು ಸಾಲಾಗಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ 500 ರೂಪಾಯಿ, ಅದರ ಕೆಳಗೇ ಜಿಎಸ್‌ಟಿ 90 ರೂಪಾಯಿ ಕಟ್ ಆಗಿದೆ. ಬ್ಯಾಲೆನ್ಸ್ ಮೈನಸ್ 70! ಅಕ್ಕ 3,000 ಹಾಕಿದಳು, ಸಿಕ್ಕಿದ್ದು 2,930. ಮೊದಲೇ ಒಂದು ಮೆಸೇಜಾದರೂ ಬಂದಿರಬಹುದು ಅಂತ ಹುಡುಕಿದೆ. ಫೋನಲ್ಲೂ ಇಲ್ಲ, ಮೇಲ್‌ನಲ್ಲೂ ಇಲ್ಲ.

ಇನ್ನೊಂದು ವಿಷಯ. ಅದೇ ಬ್ಯಾಂಕಿನಿಂದ ಕ್ರೆಡಿಟ್ ಕಾರ್ಡ್ ಬಂದಿತ್ತು. ನಾನು ಅರ್ಜಿ ಹಾಕಿರಲಿಲ್ಲ. ಫೋನ್ ಮಾಡಿದ ಹುಡುಗನಿಗೆ ಬೇಡ ಅಂತಲೇ ಹೇಳಿದ್ದೆ. ಕವರ್ ಕೂಡ ಒಡೆದಿಲ್ಲ. ಈಗ ವಾರ್ಷಿಕ ಶುಲ್ಕ ಅಂತ ಜಿಎಸ್‌ಟಿ ಸೇರಿ 1,180 ರೂಪಾಯಿ ಬಿಲ್ ಬಂದಿದೆ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ (ಸಾಲ ಕೊಡುವವರು ನೋಡೋ ಅಂಕ) ಹಾಳಾಗುತ್ತೆ, ಕಟ್ಟಿದರೆ ಒಪ್ಪಿಕೊಂಡ ಹಾಗಾಗುತ್ತೆ ಅಂತ ಭಯ.

ಬ್ರಾಂಚಿಗೆ ಹೋದೆ. "ಸಿಸ್ಟಮ್ ತಾನಾಗೇ ಕಟ್ ಮಾಡುತ್ತೆ ಮೇಡಂ, ಬೇಕಾದ್ರೆ ಒಂದು ತಿಂಗಳದ್ದು ವಾಪಸ್ ಹಾಕಿಸ್ತೀವಿ" ಅಂದರು. ಒಪ್ಪಿಕೊಂಡು ಬಿಡಲಾ?

ದಾರಿಹೋಕ:
ಒಪ್ಪಿಕೊಳ್ಳಿ. ಕೊಟ್ಟಷ್ಟು ತಗೊಂಡು ಅಕೌಂಟ್ ಕ್ಲೋಸ್ ಮಾಡಿ. ಬ್ಯಾಂಕಿನ ಜೊತೆ ಗುದ್ದಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ನಿವೃತ್ತ ಕ್ಯಾಷಿಯರ್:
ಒಪ್ಪಿಕೊಳ್ಳಬೇಡಮ್ಮ. ನಾನು ಬ್ಯಾಂಕಿನಲ್ಲೇ ದುಡಿದು ನಿವೃತ್ತನಾದವನು, ಆ ಮಾತು ನನಗೆ ಚೆನ್ನಾಗಿ ಗೊತ್ತು. ಒಂದು ತಿಂಗಳದ್ದು ಹಾಕಿಸ್ತೀವಿ ಅಂದರೆ, ಉಳಿದ ಎರಡು ತಿಂಗಳದ್ದು ಸರಿಯಾಗಿಯೇ ಹಿಡಿದಿದ್ದೇವೆ ಅಂತ ನಿಮ್ಮ ಬಾಯಲ್ಲೇ ಹೇಳಿಸಿದ ಹಾಗೆ. ನೀವು ಕೇಳ್ತಿರೋದು ಕರುಣೆ ಅಲ್ಲ. ನಿಯಮ ಪಾಲಿಸಿ ಅಂತ ಕೇಳ್ತಿದ್ದೀರಿ.

ಮಿನಿಮಮ್ ಬ್ಯಾಲೆನ್ಸ್ ದಂಡದ ಬಗ್ಗೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕ್ ಮೊದಲು ಮೆಸೇಜ್, ಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತುಂಬಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೆ ದಂಡ. ಆ ದಂಡವೂ ಎಷ್ಟು ಕಡಿಮೆ ಬಿದ್ದಿದೆಯೋ ಅದಕ್ಕೆ ತಕ್ಕಂತೆ ಇರಬೇಕು. 5,000 ಇಡಬೇಕಾದ ಕಡೆ 4,600 ಇಟ್ಟವರಿಗೂ, ಏನೂ ಇಡದವರಿಗೂ ಒಂದೇ 500 ಅಂದರೆ ಆಗಲ್ಲ. ಎಲ್ಲಕ್ಕಿಂತ ಮುಖ್ಯ, ಬರೀ ಈ ದಂಡದಿಂದಲೇ ಸೇವಿಂಗ್ಸ್ ಅಕೌಂಟ್ ಮೈನಸ್‌ಗೆ ಹೋಗಬಾರದು. ನಿಮ್ಮ ಸ್ಟೇಟ್‌ಮೆಂಟಿನ ಆ 'ಮೈನಸ್ 70' ಸಾಲು ಇದೆಯಲ್ಲ, ಅದೇ ನಿಮ್ಮ ಸಾಕ್ಷಿ. ಆ ಪುಟವನ್ನು ಇವತ್ತೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಕಾರ್ಡಿನ ವಿಚಾರದಲ್ಲಿ ನಿಮ್ಮ ಕೈ ಇನ್ನೂ ಮೇಲಿದೆ. 2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, ಕೇಳದವರಿಗೆ ಕ್ರೆಡಿಟ್ ಕಾರ್ಡ್ ಕೊಡೋದೇ ನಿಷಿದ್ಧ. ಒಪ್ಪಿಗೆ ಬರಹದಲ್ಲಿರಬೇಕು, ಇಲ್ಲವೇ ಒಟಿಪಿ ಥರದ ದೃಢೀಕರಣ ಇರುವ ಡಿಜಿಟಲ್ ವಿಧಾನದಲ್ಲಿರಬೇಕು. ಫೋನಲ್ಲಿ 'ಹ್ಞೂಂ' ಅಂದಿದ್ದರೂ ಸಾಲದು, ನೀವಂತೂ ಬೇಡ ಅಂದಿದ್ದೀರಿ. ಒಪ್ಪಿಗೆ ಇಲ್ಲದೆ ಕಾರ್ಡ್ ಕೊಟ್ಟು, ಆಕ್ಟಿವೇಟ್ ಮಾಡಿ, ಬಿಲ್ ಹಾಕಿದರೆ ಆ ಶುಲ್ಕ ರದ್ದು ಮಾಡಬೇಕು. ಅಷ್ಟೇ ಅಲ್ಲ, ಅದರ ಎರಡರಷ್ಟು ನಿಮಗೆ ದಂಡ ಕೊಡಬೇಕು. 1,180ಕ್ಕೆ 2,360 ರೂಪಾಯಿ ಆಯಿತು. ಬ್ರಾಂಚಿನಲ್ಲಿ ಇದನ್ನು ಯಾರೂ ತಾವಾಗಿ ಹೇಳೋದಿಲ್ಲ. ಇದು ನನಗೆ ಬಹಳ ಬೇಸರದ ವಿಷಯ, ಏಕೆಂದರೆ ಕೌಂಟರ್‌ನಲ್ಲಿ ಕೂತವರಿಗೂ ಎಷ್ಟೋ ಸಲ ಗೊತ್ತಿರಲ್ಲ.

ಈಗ ಮಾಡಬೇಕಾದ್ದು. ಬಾಯಿಮಾತು ಸಾಕು, ಇನ್ನು ಬರೆದು ಕೊಡಿ. ಅಕೌಂಟಿಗೆ ಒಂದು ದೂರು, ಕಾರ್ಡಿಗೆ ಬೇರೆ ದೂರು. ಎರಡನ್ನೂ ಒಂದರಲ್ಲೇ ಸೇರಿಸಿದರೆ ಒಂದಕ್ಕೆ ಉತ್ತರ ಕೊಟ್ಟು ಕೈತೊಳೆದುಕೊಳ್ತಾರೆ. ಪತ್ರ ಉದ್ದ ಬೇಡ. ಹೀಗೆ ಬರೆಯಿರಿ:

"ಈ ಮೂರು ತಾರೀಖುಗಳಲ್ಲಿ ನನ್ನ ಖಾತೆಯಿಂದ ಒಟ್ಟು 1,770 ರೂಪಾಯಿ ಹಿಡಿದಿದ್ದೀರಿ. ಇದಕ್ಕೆ ಮೊದಲು ನೋಟಿಸ್ ಕಳಿಸಿದ್ದರೆ ಅದರ ಪ್ರತಿ, ಕಳಿಸಿದ ದಿನ, ಯಾವ ನಂಬರಿಗೆ ಅಂತ ತಿಳಿಸಿ. ಪ್ರತಿ ತಿಂಗಳ ಕೊರತೆ ಎಷ್ಟು, ದಂಡ ಲೆಕ್ಕ ಹಾಕಿದ್ದು ಹೇಗೆ ಅಂತ ಕೊಡಿ. ಖಾತೆ ಮೈನಸ್‌ಗೆ ಹೋಗಿದ್ದು ಯಾವ ನಿಯಮದ ಮೇಲೆ? ಜಿಎಸ್‌ಟಿ ಸಮೇತ ಪೂರ್ತಿ ಹಣ ಮರಳಿಸಿ."

ಜಿಎಸ್‌ಟಿ ಸಮೇತ ಅನ್ನೋದನ್ನು ಮರೆಯಬೇಡಿ. 500 ಹಾಕಿ 90 ಬಿಟ್ಟುಬಿಡೋದು ಉಂಟು. ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮೇಲ್ ಮಾಡಿದರೆ ದೂರಿನ ನಂಬರ್ ಬರೋವರೆಗೆ ಬಿಡಬೇಡಿ.

ಕಾರ್ಡಿನ ದೂರಿನಲ್ಲಿ ಒಂದೇ ಪ್ರಶ್ನೆ ಸಾಕು. ನನ್ನ ಒಪ್ಪಿಗೆಯ ದಾಖಲೆ ಎಲ್ಲಿದೆ, ತೋರಿಸಿ. ಬಿಲ್ ಬಗ್ಗೆ ತಕರಾರು ಎತ್ತಿದರೆ 30 ದಿನದೊಳಗೆ ವಿವರಣೆ ಕೊಡಬೇಕು, ಬೇಕಿದ್ದರೆ ದಾಖಲೆಯನ್ನೂ ತೋರಿಸಬೇಕು. ಬಿಲ್ಲಿನ ಕೊನೇ ದಿನಕ್ಕೆ ಮೊದಲೇ ದೂರು ಹೋಗಲಿ. ಅಷ್ಟರಲ್ಲಿ ಇತ್ಯರ್ಥ ಆಗದೆ ಸಿಬಿಲ್ ಭಯ ಕಾಡಿದರೆ, 'ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇನೆ' ಅಂತ ಬರೆದು ಕಟ್ಟಿಬಿಡಿ. ಕಟ್ಟಿದ ಮಾತ್ರಕ್ಕೆ ಕೇಳುವ ಹಕ್ಕು ಹೋಗಲ್ಲ.

ಜೇನುಗೂಡು:
ಕ್ಯಾಷಿಯರ್ ಸರ್ ಹೇಳಿದ್ದಕ್ಕೆ ಇಷ್ಟು ಸೇರಿಸ್ತೀನಿ. ಕಾರ್ಡ್ ಕ್ಲೋಸ್ ಮಾಡಿ ಅಂತಲೂ ಬರೆದು ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಅಕೌಂಟ್ ಇಟ್ಟುಕೊಳ್ಳೋದಾದರೆ ಬೇಸಿಕ್ ಸೇವಿಂಗ್ಸ್ ಅಕೌಂಟ್‌ಗೆ ಬದಲಾಯಿಸಿ ಅಂತ ಕೇಳಿ, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ. ಇಲ್ಲವೇ ಆ ದಂಡವನ್ನೇ ತೆಗೆದುಹಾಕಿರೋ ಬ್ಯಾಂಕಿಗೆ ಹೋಗಿ. ಸ್ಟೇಟ್ ಬ್ಯಾಂಕ್ 2020ರಲ್ಲೇ ತೆಗೆದಿದೆ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ತೆಗೆದಿದೆ.

ಮಳೆಬಿಲ್ಲು:
ತುಂಬಾ ಧನ್ಯವಾದ ಸರ್. ಎರಡು ದೂರೂ ಬೇರೆ ಬೇರೆ ಹಾಕಿದೆ. ಕಾರ್ಡಿನವರು ಶುಲ್ಕ ರದ್ದು ಮಾಡಿದ್ದಾರೆ, ಎರಡರಷ್ಟು ದಂಡದ ಬಗ್ಗೆ ಮಾತೇ ಇಲ್ಲ. ಅಕೌಂಟಿನ ದೂರಿಗೆ "ನಿಯಮದಂತೆ ವಿಧಿಸಲಾಗಿದೆ, ದೂರು ಮುಕ್ತಾಯ" ಅಂತ ಒಂದೇ ಸಾಲಿನ ಉತ್ತರ. 30 ದಿನ ಕಾಯಬೇಕಾ, ಮತ್ತೆ ಮೊದಲಿಂದ ಶುರು ಮಾಡಬೇಕಾ?

ನಿವೃತ್ತ ಕ್ಯಾಷಿಯರ್:
ಎರಡೂ ಬೇಡ. 30 ದಿನ ಕಾಯೋದು ಬ್ಯಾಂಕ್ ಉತ್ತರವನ್ನೇ ಕೊಡದಿದ್ದಾಗ. ಆಗಲ್ಲ ಅಂತ ಉತ್ತರ ಕೊಟ್ಟ ಮೇಲೆ ನೇರವಾಗಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಹೋಗಬಹುದು. ರಿಸರ್ವ್ ಬ್ಯಾಂಕಿನ ಸಿಎಂಎಸ್ ಅನ್ನೋ ದೂರಿನ ವೆಬ್‌ಸೈಟ್‌ನಲ್ಲಿ ದೂರು ಹಾಕಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಅನುಮಾನ ಬಂದರೆ 14448ಕ್ಕೆ ಫೋನ್ ಮಾಡಿ, ಅದು ಉಚಿತ. ನಿಮ್ಮ ಪತ್ರ, ಆ ಒಂದು ಸಾಲಿನ ಉತ್ತರ, ಮೈನಸ್ ಕಾಣೋ ಸ್ಟೇಟ್‌ಮೆಂಟ್ ಪುಟ, ಮೂರನ್ನೂ ಲಗತ್ತಿಸಿ. ನೋಟಿಸ್ ಪ್ರತಿ ಕೇಳಿದ್ದೆ, ಕೊಟ್ಟಿಲ್ಲ ಅಂತ ಮೊದಲನೇ ಸಾಲಿನಲ್ಲೇ ಬರೆಯಿರಿ.

ಕಾರ್ಡಿನವರಿಗೆ ಮಾತ್ರ ಇನ್ನೊಂದು ಮೇಲ್ ಹಾಕಿ ಆ 2,360 ಕೇಳಿ. ಶುಲ್ಕ ರದ್ದು ಮಾಡಿದ್ದು ಯಾವ ಕಾರಣಕ್ಕೆ ಅಂತ ಅವರೇ ಬರೆದು ತಿಳಿಸಲಿ.