ಮ್ಯಾನುಯಲ್ ರಾಂಗ್ಲರ್‌ನ ಕ್ಲಚ್ ರೀಕಾಲ್: ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಡೆನ್ವರ್ ಮಲೆನಾಡಿಗ (ಪ್ರಶ್ನೆ)

ಕೊಲರಾಡೊದ ಡೆನ್ವರ್ ಬಳಿ ನೆಲೆಸಿರುವ ನಾನು, 2020ರ ಮಾದರಿಯ ಆರು ಗೇರಿನ ಮ್ಯಾನುಯಲ್ ಜೀಪ್ ರಾಂಗ್ಲರ್ ರೂಬಿಕಾನ್ ಒಂದನ್ನು ಅದರ ಮೊದಲ ಮಾಲೀಕರಿಂದ ಕೊಳ್ಳುವ ಆಲೋಚನೆಯಲ್ಲಿದ್ದೇನೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಜೀಪು ಓಡಿಸಿ ಬೆಳೆದವರಿಗೆ, ಏರಿನಲ್ಲಾಗಲಿ ಇಳಿಜಾರಿನಲ್ಲಾಗಲಿ ಗೇರು ತಮ್ಮ ಕೈಯಲ್ಲೇ ಇರಬೇಕೆಂಬ ಹಟ ಬೇಗ ಬಿಟ್ಟುಹೋಗುವುದಿಲ್ಲ. ಆಟೊಮ್ಯಾಟಿಕ್ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಆದರೆ ಕ್ಲಚ್ಚಿನ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ವಾಹನಗಳನ್ನು ವಾಪಸ್ ಕರೆಸುವುದು) ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. 2020ರಲ್ಲಿ ಒಮ್ಮೆ, 2021ರ ಆರಂಭದಲ್ಲಿ 40 ಸಾವಿರಕ್ಕೂ ಹೆಚ್ಚು ವಾಹನಗಳಿಗೆ ಮತ್ತೊಮ್ಮೆ, 2023ರಲ್ಲಿ 69 ಸಾವಿರಕ್ಕೂ ಹೆಚ್ಚು ರಾಂಗ್ಲರ್ ಮತ್ತು ಗ್ಲಾಡಿಯೇಟರ್ (ಜೀಪ್‌ನದೇ ಪಿಕಪ್) ವಾಹನಗಳಿಗೆ ಮಗದೊಮ್ಮೆ, ಹೀಗೆ ಒಂದೇ ದೋಷಕ್ಕೆ ಸುತ್ತಿನ ಮೇಲೆ ಸುತ್ತು ರೀಕಾಲ್ ಆಗಿದೆ. ಕ್ಲಚ್ ಅತಿಯಾಗಿ ಕಾದು, ಅದರ ಡಿಸ್ಕನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್ ಎಂಬ ತಟ್ಟೆ ಒಡೆದು, ಚೂರುಗಳು ಗೇರ್‌ಬಾಕ್ಸಿನ ಕವಚವನ್ನು ಸೀಳಿ ಹೊರಬಂದು ಬೆಂಕಿ ಹತ್ತಬಹುದು ಎಂಬುದು ದಾಖಲೆಯಲ್ಲಿರುವ ಅಪಾಯ. ಆದರೆ ಮಾಲೀಕರ ಸಿಟ್ಟು ಈ ಅಪಾಯಕ್ಕಿಂತ ಹೆಚ್ಚಾಗಿ ಕೊಟ್ಟ ಪರಿಹಾರದ ಮೇಲೆಯೇ ಇರುವಂತೆ ಕಾಣುತ್ತದೆ. ಅದೇಕೆ? ಚಾಲಕನ ಕಾಲಿನ ತಪ್ಪೆಷ್ಟು, ಯಂತ್ರದ ತಪ್ಪೆಷ್ಟು? ಈ ವಾಹನವನ್ನು ಕೊಳ್ಳುವುದಾದರೆ ಮೊದಲು ಏನನ್ನು ನೋಡಬೇಕು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಗೇರ್‌ಪೆಟ್ಟಿಗೆ

ಮಿಶಿಗನ್‌ನಲ್ಲಿ ವಾಹನಗಳ ಡ್ರೈವ್‌ಲೈನ್ ಕೆಲಸದಲ್ಲಿರುವವನು ನಾನು; ಈ ಕಂಪನಿಗೂ ನನಗೂ ಸಂಬಂಧವಿಲ್ಲ.

ಎಂಜಿನ್ನಿನ ತುದಿಯ ಚಕ್ರವಾದ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ಎಂಬ ಎರಡು ಎರಕದ ಕಬ್ಬಿಣದ ಮುಖಗಳ ನಡುವೆ ಕ್ಲಚ್ ಡಿಸ್ಕ್ ಸಿಕ್ಕಿಕೊಂಡಿರುತ್ತದೆ. ಪೂರ್ತಿ ಹಿಡಿದಾಗಲೂ ಪೂರ್ತಿ ಬಿಟ್ಟಾಗಲೂ ಬಿಸಿ ಹುಟ್ಟುವುದಿಲ್ಲ. ಅರ್ಧ ಹಿಡಿದು ಅರ್ಧ ಜಾರುವಾಗ ಮಾತ್ರ ಹುಟ್ಟುತ್ತದೆ. ಎಂಜಿನ್ ಕಡೆಯ ಮುಖವು ಡಿಸ್ಕಿಗಿಂತ ನಿಮಿಷಕ್ಕೆ 1,000 ಸುತ್ತು ವೇಗವಾಗಿ ತಿರುಗುತ್ತಾ 150 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಾಗಿಸುತ್ತಿದೆ ಎಂದುಕೊಳ್ಳಿ. ಆ ಕ್ಷಣದಲ್ಲಿ ಅಲ್ಲಿ ಹುಟ್ಟುವ ಶಾಖ 15 ಕಿಲೋವ್ಯಾಟ್‌ಗೂ ಹೆಚ್ಚು, ಅಂದರೆ ಕ್ಲಚ್ಚನ್ನು ಮುಚ್ಚಿರುವ ಕವಚವಾದ ಬೆಲ್ ಹೌಸಿಂಗ್‌ನೊಳಗೆ ಹದಿನೈದು ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಂತೆ. ಐದು ಸೆಕೆಂಡ್ ಹೀಗೆ ಜಾರಿಸಿದರೆ ಪ್ರೆಷರ್ ಪ್ಲೇಟ್‌ನ ಉಷ್ಣತೆ ಹತ್ತು ಹದಿನೈದು ಡಿಗ್ರಿ ಏರಬಹುದು, ಅದು ಏನೂ ಅಲ್ಲ. ಆದರೆ ಕಲ್ಲುಹಾದಿಯಲ್ಲಿ ಆರುವುದಕ್ಕೆ ಬಿಡುವು ಕೊಡದೆ ಇದನ್ನೇ ಮತ್ತೆ ಮತ್ತೆ ಮಾಡಿದರೆ ಬಿಸಿಯ ಮೇಲೆ ಬಿಸಿ ಕೂಡುತ್ತಾ ಹೋಗುತ್ತದೆ. ಬೆಲ್ ಹೌಸಿಂಗ್ ಹೆಚ್ಚುಕಡಿಮೆ ಮುಚ್ಚಿದ ಜಾಗ, ಗಾಳಿ ಆಡುವುದು ಕಡಿಮೆ. ಪ್ರೆಷರ್ ಪ್ಲೇಟನ್ನು ಒತ್ತಿಹಿಡಿಯುವ ಡಯಾಫ್ರಾಮ್ ಸ್ಪ್ರಿಂಗ್ ಬಿಸಿಗೆ ಬಿಗಿ ಕಳೆದುಕೊಂಡರೆ ಹಿಡಿತ ಸಡಿಲಾಗುತ್ತದೆ, ಸಡಿಲಾದರೆ ಇನ್ನಷ್ಟು ಜಾರುತ್ತದೆ, ಜಾರಿದರೆ ಇನ್ನಷ್ಟು ಕಾಯುತ್ತದೆ. ಈ ಸುಳಿಯ ಕೊನೆಯಲ್ಲೇ ಎರಕದ ತಟ್ಟೆ ಬಿರುಕು ಬಿಡುವುದು.

ಚಾಲಕನ ತಪ್ಪೆಷ್ಟು ಎಂದು ಕೇಳಿದ್ದೀರಿ. ನೀವು ನೋಡಿರುವ ಮ್ಯಾನುಯಲ್ ರೂಬಿಕಾನ್‌ನಲ್ಲಿ ವೇಗ ತಗ್ಗಿಸುವ ಅನುಪಾತಗಳು ಹೀಗಿವೆ: ಒಂದನೇ ಗೇರು 5.13, ಟ್ರಾನ್ಸ್‌ಫರ್ ಕೇಸಿನ (ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ) ಲೋ ರೇಂಜ್ 4, ಆಕ್ಸಲ್ 4.10, ಗುಣಿಸಿದರೆ ಸುಮಾರು 84. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗಿದರೆ ಚಕ್ರ ಎಂಟು ಸುತ್ತು ಮಾತ್ರ ತಿರುಗುತ್ತದೆ. 33 ಇಂಚಿನ ಟೈರಿನ ಲೆಕ್ಕದಲ್ಲಿ ಅದು ಗಂಟೆಗೆ ಒಂದೂಕಾಲು ಕಿಲೋಮೀಟರ್ ಚಿಲ್ಲರೆ, ಮನುಷ್ಯನ ನಡಿಗೆಗಿಂತ ನಿಧಾನ. ಇಷ್ಟು ನಿಧಾನವಾಗಿ ತಾನೇ ತೆವಳುವ ವಾಹನಕ್ಕೆ ಲೋ ರೇಂಜ್‌ನಲ್ಲಿ ಕ್ಲಚ್ ಜಾರಿಸುವ ಅಗತ್ಯ ಬಹಳ ಕಡಿಮೆ. ಇನ್ನೊಂದು ಅನುಕೂಲ ಹಲವರಿಗೆ ಗೊತ್ತೇ ಇಲ್ಲ: ಲೋ ರೇಂಜ್‌ನಲ್ಲಿದ್ದಾಗ ಕ್ಲಚ್ ಒತ್ತದೆಯೇ ಸ್ಟಾರ್ಟ್ ಮಾಡಲು ಈ ವಾಹನ ಬಿಡುತ್ತದೆ. ಏರಿನ ಮಧ್ಯೆ ಎಂಜಿನ್ ನಿಂತುಹೋದರೆ ಬ್ರೇಕ್ ಹಿಡಿದು, ಗೇರಿನಲ್ಲೇ ಸ್ಟಾರ್ಟ್ ಮಾಡಬಹುದು. ಸ್ಟಾರ್ಟರ್ ಮೋಟಾರೇ ವಾಹನವನ್ನು ಮುಂದಕ್ಕೆ ಎಳೆಯುತ್ತದೆ, ಕ್ಲಚ್ಚಿಗೆ ಒಂದಿಷ್ಟೂ ಬಿಸಿ ತಗಲುವುದಿಲ್ಲ.

ಹಾಗೆಂದು ಎಲ್ಲವನ್ನೂ ಚಾಲಕನ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಕಲ್ಲುಮುಳ್ಳಿನ ದಾರಿಗೆಂದೇ ಮಾರುವ ವಾಹನದ ಕ್ಲಚ್, ಸಾಧಾರಣ ಚಾಲಕನ ಸಾಧಾರಣ ಒರಟುತನವನ್ನು ತಡೆದುಕೊಳ್ಳಲೇಬೇಕು. ಸವೆದ ಕ್ಲಚ್ ವಾಹನವನ್ನು ನಿಲ್ಲಿಸಲಿ, ಬೆಂಕಿ ಹಚ್ಚಬಾರದು.

ಕಲ್ಲುಹಾದಿ

ಇದೇ ಮಾದರಿಯ ಮ್ಯಾನುಯಲ್ ಇಟ್ಟುಕೊಂಡಿರುವವನು ನಾನು. ನನ್ನ ಕ್ಲಚ್ ಈವರೆಗೆ ಜಾರಿಲ್ಲ, ವಾಸನೆಯೂ ಬಂದಿಲ್ಲ; ಆದ್ದರಿಂದ ನನ್ನದು ಸುಟ್ಟುಕೊಂಡವನ ಮಾತಲ್ಲ. ಆದರೂ ಮಾಲೀಕರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

2021ರ ಪರಿಹಾರ ಏನಾಗಿತ್ತೆಂಬುದನ್ನು ನೋಡಿ. ಕ್ಲಚ್ ಅಪಾಯದ ಮಟ್ಟಕ್ಕೆ ಕಾದಿದೆ ಎಂದು ತೋರಿದಾಗ ಎಂಜಿನ್ನಿನ ಟಾರ್ಕ್ ತಗ್ಗಿಸುವ ಸಾಫ್ಟ್‌ವೇರ್ ಅದು. ಕಾಗದದ ಮೇಲೆ ಒಪ್ಪತಕ್ಕ ಮಾತೇ. ಆದರೆ ಕ್ಲಚ್ ಕಾಯುವುದು ಯಾವಾಗ? ಸಮತಟ್ಟಾದ ಹೆದ್ದಾರಿಯಲ್ಲಲ್ಲ. ಕೊಲರಾಡೊದ ಯೂರೇ (Ouray) ಮತ್ತು ಟೆಲ್ಲುರೈಡ್ ಪಟ್ಟಣಗಳ ನಡುವಿನ ಇಮೊಜಿನ್ ಪಾಸ್ ಎಂಬ ಕಣಿವೆದಾರಿ ಹತ್ತುತ್ತಿದ್ದೀರಿ ಎಂದುಕೊಳ್ಳಿ. ಎತ್ತರ 13 ಸಾವಿರ ಅಡಿ ದಾಟುತ್ತದೆ; ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಟರ್ಬೊ ಇಲ್ಲದ 3.6 ಲೀಟರಿನ ವಿ6 ಎಂಜಿನ್ನಿನ ಶಕ್ತಿಯೂ ಅಷ್ಟೇ ಕುಗ್ಗಿರುತ್ತದೆ. ಎದುರಿನಿಂದ ಬಂದವರಿಗೆ ದಾರಿ ಬಿಡಲು ಹಿಮ್ಮುರಿ ತಿರುವಿನಲ್ಲಿ ನಿಂತು, ಸಡಿಲ ಕಲ್ಲಿನ ಮೇಲೆ ಮತ್ತೆ ಹೊರಡಬೇಕು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಅಳಿದುಳಿದ ಟಾರ್ಕನ್ನೂ ಕಂಪ್ಯೂಟರ್ ಹಿಂದಕ್ಕೆಳೆದುಕೊಳ್ಳುವುದಾದರೆ ಅದು ಇಂಥ ಕಡೆಯಲ್ಲೇ ಆಗುವುದು ಹೆಚ್ಚು. ಬೆಂಕಿಯ ಅಪಾಯ ತಪ್ಪಿಸಲು ಹೊರಟ ಉಪಾಯ ಇನ್ನೊಂದು ಅಪಾಯವನ್ನು ತಂದಿಟ್ಟಿತು ಎಂದು ಮಾಲೀಕರು ಹೇಳಿದರೆ ಅದರಲ್ಲಿ ಅತಿಶಯೋಕ್ತಿ ಏನಿದೆ? ಇಷ್ಟಾದರೂ ತಟ್ಟೆ ಮಾತ್ರ ಹಳೆಯದೇ.

ಇನ್ನು ಡೀಲರ್ ಕೌಂಟರಿನ ವಿಚಾರ. ಯಾರೆಂದು ಹೆಸರಿಸುವುದಿಲ್ಲ. ಕ್ಲಚ್ ಎಂಬ ಪದ ಬಾಯಿಂದ ಬರುತ್ತಿದ್ದಂತೆ, ‘ನೀವು ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀರಾ?’ ಎಂದು ಎದುರಿನವರು ಮರುಪ್ರಶ್ನೆ ಹಾಕಿದರು. ಕ್ಲಚ್ ಡಿಸ್ಕ್ ಸವೆಯುವ ವಸ್ತು, ವಾರಂಟಿಗೆ ಸೇರದು ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ನಾನು ಕೇಳಲು ಹೋಗಿದ್ದು ರೀಕಾಲ್ ಕೆಲಸಕ್ಕೆ ಯಾವಾಗ ಬರಬೇಕೆಂದು ಮಾತ್ರ. 2023ರ ರೀಕಾಲ್ ಘೋಷಣೆಯಾದಾಗ ಪರಿಹಾರವೇ ಇನ್ನೂ ಸಿದ್ಧವಾಗಿರಲಿಲ್ಲ. ‘ನಿಮ್ಮ ವಾಹನಕ್ಕೆ ಬೆಂಕಿ ಬೀಳಬಹುದು, ಏನು ಮಾಡಬೇಕೆಂದು ಆಮೇಲೆ ತಿಳಿಸುತ್ತೇವೆ’ ಎಂಬ ಅರ್ಥದ ಪತ್ರ ಕೈಗೆ ಬಂದವರು ಗಾಡಿಯನ್ನು ಗ್ಯಾರೇಜಿನೊಳಗೆ ನಿಲ್ಲಿಸಬೇಕೋ ಹೊರಗೆ ನಿಲ್ಲಿಸಬೇಕೋ ಎಂದು ಯೋಚಿಸದೆ ಇರುತ್ತಾರೆಯೇ?

ಗೇರ್‌ಪೆಟ್ಟಿಗೆ

ಕಲ್ಲುಹಾದಿಯವರ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಟಾರ್ಕ್ ತಗ್ಗಿಸುವುದು ಬರಿಯ ಕಣ್ಣೊರೆಸುವ ಕ್ರಮವಲ್ಲ. ಜಾರುವ ಕ್ಲಚ್ಚಿನಲ್ಲಿ ಟಾರ್ಕ್ ಇಳಿದಷ್ಟೂ ಶಾಖ ಇಳಿಯುತ್ತದೆ, ಸುಳಿ ಅಲ್ಲೇ ಕಡಿಯುತ್ತದೆ. ಬೆಂಕಿ ತಡೆಯುವ ಮಟ್ಟಿಗೆ ಅದು ಸರಿಯಾದ ಭೌತಶಾಸ್ತ್ರವೇ. ಆದರೆ ತಟ್ಟೆಯ ತಾಳಿಕೆ ಅದರಿಂದ ಹೆಚ್ಚುವುದಿಲ್ಲ ಎಂಬ ನಿಮ್ಮ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಸಾಫ್ಟ್‌ವೇರ್ ಹಾಕಿಯೂ ಮತ್ತೆ ರೀಕಾಲ್ ಮಾಡಬೇಕಾಗಿ ಬಂದದ್ದೇ ನಿಮ್ಮ ಪರವಾದ ಸಾಕ್ಷಿ.

ಕಾಗದಪತ್ರ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ನಾನು ವಕೀಲನೇ, ಆದರೆ ನಿಮ್ಮ ವಕೀಲನಲ್ಲ.

ಅಮೆರಿಕದ ಫೆಡರಲ್ ಕಾಯ್ದೆಯ ಪ್ರಕಾರ ಸುರಕ್ಷತಾ ರೀಕಾಲ್‌ನ ಕೆಲಸವನ್ನು ತಯಾರಕರು ಪುಕ್ಕಟೆಯಾಗಿ ಮಾಡಿಕೊಡಬೇಕು. ವಾಹನ ಮೊದಲ ಬಾರಿಗೆ ಮಾರಾಟವಾಗಿ 15 ವರ್ಷ ತುಂಬುವ ಮೊದಲೇ ರೀಕಾಲ್ ಘೋಷಣೆಯಾಗಿದ್ದರೆ ಈ ಹಕ್ಕು ಇರುತ್ತದೆ, ಎಷ್ಟನೇ ಮಾಲೀಕರೆಂಬುದು ಮುಖ್ಯವಲ್ಲ. ವಾಹನವನ್ನು ದುರಸ್ತಿಗೆ ಒಪ್ಪಿಸಿದ ಮೇಲೆ 60 ದಿನಗಳೊಳಗೆ ಸಮರ್ಪಕವಾಗಿ ಸರಿಮಾಡದಿದ್ದರೆ, ಸಮಂಜಸ ಕಾಲ ಮೀರಿತು ಎಂಬುದಕ್ಕೆ ಅದನ್ನೇ ಮೇಲ್ನೋಟದ ಪುರಾವೆಯಾಗಿ ಕಾಯ್ದೆ ಪರಿಗಣಿಸುತ್ತದೆ. ಆಗ ಬದಲಿ ವಾಹನ ಅಥವಾ ಹಣ ವಾಪಸಿನ ಮಾತು ಬರುತ್ತದೆ. ಆದ್ದರಿಂದ ಫೋನಿನಲ್ಲಿ ವಿಚಾರಿಸಿ ಸುಮ್ಮನಾಗಬಾರದು. ವಾಹನವನ್ನು ತೆಗೆದುಕೊಂಡು ಹೋಗಿ, ‘ಬಿಡಿಭಾಗ ಲಭ್ಯವಿಲ್ಲ’ ಎಂದಾದರೆ ಅದನ್ನೇ ದಿನಾಂಕ ಸಹಿತ ರಿಪೇರಿ ಆರ್ಡರಿನಲ್ಲಿ (ಡೀಲರ್ ಬರೆದುಕೊಡುವ ಕೆಲಸದ ಚೀಟಿಯಲ್ಲಿ) ಬರೆಸಿಕೊಳ್ಳಬೇಕು. ಬಾಯಿಮಾತಿಗೆ ತೂಕವಿಲ್ಲ.

ಪ್ರಶ್ನೆ ಕೇಳಿದವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ರೀಕಾಲ್ ಬಾಕಿ ಇರುವ ಹೊಸ ವಾಹನವನ್ನು ಡೀಲರ್ ಮಾರುವಂತಿಲ್ಲ, ಆದರೆ ಬಳಸಿದ ವಾಹನದ ಮಾರಾಟಕ್ಕೆ ಫೆಡರಲ್ ಮಟ್ಟದಲ್ಲಿ ಅಂಥ ಸಾರ್ವತ್ರಿಕ ತಡೆಯಿಲ್ಲ. ನೋಡಿಕೊಳ್ಳುವ ಹೊಣೆ ಕೊಳ್ಳುವವರದೇ. ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ 17 ಅಕ್ಷರಗಳ ವಿಐಎನ್ (ವಾಹನದ ಗುರುತಿನ ಸಂಖ್ಯೆ) ಹಾಕಿದರೆ ಬಾಕಿ ಇರುವುದೆಲ್ಲ ಕಾಣುತ್ತದೆ. ಆದರೆ ಈಗಾಗಲೇ ಮುಗಿದಿರುವ ಕೆಲಸದಲ್ಲಿ ಏನು ಬದಲಾಯಿಸಿದರು, ಸಾಫ್ಟ್‌ವೇರ್ ಮಾತ್ರವೋ ಬಿಡಿಭಾಗವೋ ಎಂಬುದನ್ನು ತಿಳಿಯಲು ಮಾಲೀಕರಿಂದ ಡೀಲರ್ ಕೊಟ್ಟ ಕಾಗದವನ್ನೇ ಕೇಳಿ ಪಡೆಯಬೇಕು.

ಸಕಲೇಶಪುರದ ಘಾಟಿ

ಭಾರತದಿಂದ ಒಂದು ಹೋಲಿಕೆ. 2022ರ ಕೊನೆಯಲ್ಲಿ ಮಹೀಂದ್ರ ಕಂಪನಿಯು 12,566 ಎಕ್ಸ್‌ಯುವಿ700 ಮತ್ತು 6,618 ಸ್ಕಾರ್ಪಿಯೊ-ಎನ್ ವಾಹನಗಳನ್ನು ತಪಾಸಣೆಗೆ ಕರೆಸಿತ್ತು. ಎಲ್ಲವೂ ಮ್ಯಾನುಯಲ್. ಬೆಲ್ ಹೌಸಿಂಗ್‌ನೊಳಗಿನ ರಬ್ಬರ್ ಬೆಲ್ಲೋ ಎಂಬ ಸಣ್ಣ ಭಾಗದ ಅಳತೆಯಲ್ಲಿ ವ್ಯತ್ಯಾಸ ಬಂದಿರಬಹುದು, ಅದಕ್ಕೆ ಕಾರಣ ಪೂರೈಕೆದಾರರ ಘಟಕದಲ್ಲಿ ಬಿಡಿಭಾಗಗಳನ್ನು ವಿಂಗಡಿಸುವಾಗ ಆದ ತಪ್ಪು ಎಂದು ಕಂಪನಿಯೇ ತಿಳಿಸಿತ್ತು. ಜುಲೈ 1ರಿಂದ ನವೆಂಬರ್ 11ರ ನಡುವೆ ತಯಾರಾದವು ಮಾತ್ರ ಅದಕ್ಕೆ ಸೇರಿದ್ದವು.

ಎರಡೂ ಪ್ರಕರಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಇಲ್ಲಿನದು ನಾಲ್ಕೂವರೆ ತಿಂಗಳಿಗೂ ಕಡಿಮೆ ಅವಧಿಯ ಮಾಲು. ತಪ್ಪು ಎಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಬಹುದು, ಭಾಗ ಬದಲಿಸಿದರೆ ಕಥೆ ಮುಗಿಯಿತು. ಅಮೆರಿಕದ ರೀಕಾಲ್ ಮಾತ್ರ 2018ರಿಂದ 2023ರವರೆಗಿನ ಆರು ಮಾದರಿ ವರ್ಷಗಳ ರಾಂಗ್ಲರ್‌ಗಳನ್ನು ಆವರಿಸಿಕೊಂಡಿದೆ. ಅಷ್ಟು ಅಗಲದ ಬಲೆ ಬೀಸಬೇಕಾಗಿ ಬಂದಾಗ ಅದನ್ನು ಯಾವುದೋ ಒಂದು ಕಂತಿನ ಕೆಟ್ಟ ಮಾಲು ಎನ್ನುವಂತಿಲ್ಲ. ವಾಹನದ ತೂಕ, ಟೈರು, ಬಳಕೆಯ ರೀತಿ ಇವಕ್ಕೆ ಕ್ಲಚ್ ಹೊಂದಿಕೆಯಾಗಿದೆಯೇ ಎಂಬ ಪ್ರಶ್ನೆಯೇ ಏಳುತ್ತದೆ. ಮಾಲೀಕರ ಹತಾಶೆಯ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. (ಅಂದಹಾಗೆ, ಭಾರತದಲ್ಲಿ ಕಡ್ಡಾಯ ರೀಕಾಲ್‌ಗೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ದೊರೆತದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ. ಅದಕ್ಕೂ ಮೊದಲು ಎಲ್ಲವೂ ಕಂಪನಿಗಳ ಮನಸ್ಸಿಗೆ ಬಿಟ್ಟದ್ದಾಗಿತ್ತು.)

ಡೆನ್ವರ್ ಮಲೆನಾಡಿಗ

ಎಲ್ಲರಿಗೂ ವಂದನೆಗಳು. ಮಾರುವವರ ಬಳಿ ಕಾಗದ ಕೇಳಿದೆ. 2021ರ ಸಾಫ್ಟ್‌ವೇರ್ ಹಾಕಿಸಿದ ದಾಖಲೆ ಇದೆ, 2023ರದ್ದು ಬಾಕಿ ಇದೆ. ಆ ಕೆಲಸ ಮುಗಿಸಿ ರಿಪೇರಿ ಆರ್ಡರಿನ ಪ್ರತಿ ಕೊಟ್ಟರೆ ಮಾತ್ರ ವ್ಯವಹಾರ ಮುಂದುವರಿಸುವುದಾಗಿ ತಿಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಒಂದು ವಿಷಯ ಮಾತ್ರ ಉಳಿಯಿತು: ಅವರು 37 ಇಂಚಿನ ಟೈರು ಹಾಕಿಸಿದ್ದಾರೆ, ಆಕ್ಸಲ್ ಗೇರು ಕಂಪನಿಯದ್ದೇ. ಇದು ಕ್ಲಚ್ಚಿಗೆ ಹೊರೆಯಲ್ಲವೇ?

ಗೇರ್‌ಪೆಟ್ಟಿಗೆ

ಖಂಡಿತ ಹೊರೆ. ಟೈರಿನ ಸುತ್ತಳತೆ ಶೇಕಡಾ 12ರಷ್ಟು ಹೆಚ್ಚಿದರೆ ನಿಮ್ಮ 4.10 ಗೇರು 3.66ರಂತೆ ವರ್ತಿಸುತ್ತದೆ, ಪ್ರತಿ ಸಲ ಹೊರಡುವಾಗಲೂ ಕ್ಲಚ್ ಅಷ್ಟು ಹೆಚ್ಚು ಜಾರಬೇಕು, ಟೈರಿನ ಹೆಚ್ಚುವರಿ ತೂಕ ಬೇರೆ. ಮೂಲ ಅಳತೆಯ ಟೈರು ಅವರ ಬಳಿ ಉಳಿದಿದ್ದರೆ ಅದನ್ನೇ ಕೇಳಿ. ಇಲ್ಲವಾದರೆ ಆಕ್ಸಲ್ ಗೇರನ್ನು 4.88ಕ್ಕೆ ಬದಲಿಸಲು ತಗಲುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಪರೀಕ್ಷೆಗೆ ಓಡಿಸುವಾಗ ನಾಲ್ಕನೇ ಗೇರಿನಲ್ಲಿ, 1,500 ಸುತ್ತಿನ ಆಸುಪಾಸಿನಲ್ಲಿ, ಏರುರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ನೋಡಿ. ವೇಗ ಏರದೆ ಎಂಜಿನ್ನಿನ ಸುತ್ತು ಮಾತ್ರ ಜಿಗಿದರೆ ಕ್ಲಚ್ ಆಗಲೇ ಜಾರುತ್ತಿದೆ ಎಂದರ್ಥ. ಆ ಪರೀಕ್ಷೆಯನ್ನು ರೀಕಾಲ್ ಕೆಲಸಕ್ಕೆ ಮೊದಲೇ ಮಾಡಿಬಿಡಿ. ಜಾರುತ್ತಿದ್ದರೆ ಡೀಲರಿಗೆ ಲಿಖಿತವಾಗಿ ತಿಳಿಸಲು ಮಾರುವವರಿಗೆ ಹೇಳಿ.