ಸೆರೆಂಡಿಪಿಟಿ ಅಂದರೆ ಬರೀ ಅದೃಷ್ಟವೇ?

ಚುರುಮುರಿ: ಒಂದನ್ನು ಹುಡುಕುತ್ತಾ ಹೋದಾಗ ಇನ್ನೊಂದು ಒಳ್ಳೆಯದು ಸಿಕ್ಕರೆ ಸೆರೆಂಡಿಪಿಟಿ ಅಂತಾರೆ. ಅದೃಷ್ಟ ಅಂದರೆ ಮುಗಿಯಿತಲ್ವಾ? ಸುಮ್ನೆ ಯಾಕೆ ಇಷ್ಟುದ್ದದ ಪದ?

ಹಳೇ ಮೇಷ್ಟ್ರು: ಮುಗಿಯಲಿಲ್ಲ. ಈ ಪದ ಹುಟ್ಟಿಸಿದವನು ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್. 1754ರ ಜನವರಿ 28ರಂದು ಫ್ಲಾರೆನ್ಸಿನಲ್ಲಿದ್ದ ಗೆಳೆಯ ಹೊರೇಸ್ ಮ್ಯಾನ್‌ಗೆ ಬರೆದ ಪತ್ರದಲ್ಲಿ. ಸೆರೆಂಡಿಪ್‌ನ ಮೂವರು ರಾಜಕುಮಾರರ ಕಥೆಯಿಂದ ತೆಗೆದದ್ದು. ಆಕಸ್ಮಿಕದ ಜೊತೆ ಚುರುಕು ಬುದ್ಧಿಯೂ ಬೇಕು ಅಂತ ಅವನೇ ಹೇಳಿದ್ದಾನೆ. ಆ ಕಥೆಯಲ್ಲಿ ದಾರಿಯ ಎಡಗಡೆ ಹುಲ್ಲು ಚೆನ್ನಾಗಿರಲಿಲ್ಲ, ಆದರೂ ಒಂದು ಹೇಸರಗತ್ತೆ ಅದನ್ನೇ ಮೇಯ್ದಿತ್ತು. ಹಾಗಾಗಿ ಆ ಹೇಸರಗತ್ತೆಗೆ ಬಲಗಣ್ಣು ಕುರುಡು ಅಂತ ಕಂಡುಹಿಡಿದರು. ಇದರಲ್ಲಿ ಅದೃಷ್ಟ ಎಲ್ಲಿದೆ?

ಗಡಿಯಾರ: ಹೇಸರಗತ್ತೆ ಅಲ್ಲ ಸ್ವಾಮಿ, ಒಂಟೆ. 1557ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಈ ಕಥೆಯ ಇಟಾಲಿಯನ್ ಪುಸ್ತಕ ನೋಡಿ.

ಹಳೇ ಮೇಷ್ಟ್ರು: ಪತ್ರದಲ್ಲಿ ಹೇಸರಗತ್ತೆ ಅಂತಲೇ ಇದೆ. ಪದ ಹುಟ್ಟಿದ್ದು ಪತ್ರದಲ್ಲಿ, ವೆನಿಸ್‌ನಲ್ಲಿ ಅಲ್ಲ.

ಗಡಿಯಾರ: ಹಾಗಾದರೆ ನಿಮ್ಮ ವಾಲ್‌ಪೋಲ್ ಕಥೆಯನ್ನೇ ಸರಿಯಾಗಿ ಹೇಳಿಲ್ಲ! ಅದು ಒಂದು ಹಲ್ಲು ಬಿದ್ದ, ಕುಂಟುವ ಒಂಟೆ. ಒಂದು ಕಡೆ ಬೆಣ್ಣೆ, ಇನ್ನೊಂದು ಕಡೆ ಜೇನುತುಪ್ಪ ಹೊತ್ತಿತ್ತು. ಇರುವೆ ನೋಡಿ ಬೆಣ್ಣೆ, ನೊಣ ನೋಡಿ ಜೇನು ಅಂತ ಪತ್ತೆ ಮಾಡಿದರು.

ಚುರುಮುರಿ: ಇರುವೆ ಬೆಣ್ಣೆಗೆ, ನೊಣ ಜೇನಿಗಾ? ನಮ್ಮ ಮನೆ ಇರುವೆಗಳಿಗೆ ಬೆಲ್ಲವೇ ಬೇಕು. ಕಥೆ ಕಟ್ಟಿದವನು ಅಡುಗೆಮನೆ ಕಂಡಿಲ್ಲ 😄

ಗಡಿಯಾರ: ಇರುವೆ ಜಿಡ್ಡಿಗೂ ಬರುತ್ತೆ. ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಕಡಲತಡಿ: ಒಂಟೆಯೋ ಕತ್ತೆಯೋ, ಸೆರೆಂಡಿಪ್ ಅಂದರೆ ಶ್ರೀಲಂಕಾ. ಸಿಂಹಳದ್ವೀಪ ಅನ್ನೋದೇ ಅರಬರ ಬಾಯಲ್ಲಿ ಸರಂದೀಬ್ ಆಯಿತು. ಅಂದಮೇಲೆ ಪದ ನಮ್ಮ ಕಡೆಯದೇ.

ಹಳೇ ಮೇಷ್ಟ್ರು: ಈ 'ನಮ್ಮದೇ' ಚಟ ಯಾವಾಗ ಬಿಡ್ತೀರಪ್ಪಾ? ಕಥೆ ನಡೆಯೋದು ಪರ್ಷಿಯಾದ ದೊರೆ ಬಹ್ರಾಮನ ಸುತ್ತ.

ಕಡಲತಡಿ: ಇಟಲಿಯವರು ಅಚ್ಚು ಹಾಕುವ ಎರಡೂವರೆ ಶತಮಾನ ಮೊದಲೇ ಕವಿ ಅಮೀರ್ ಖುಸ್ರೋ ಪಾರಸಿಯಲ್ಲಿ ಈ ಕಥೆ ಹೇಳಿದ್ದ. ದೆಹಲಿಯಲ್ಲಿ! ದೆಹಲಿಯೂ ಪರ್ಷಿಯಾದಲ್ಲಿದೆಯಾ?

ಗಡಿಯಾರ: ಖುಸ್ರೋ ಹೇಳಿದ್ದೂ ಒಂಟೆಯನ್ನೇ. ಗಮನಿಸಿ.

ಚುರುಮುರಿ: ಅಯ್ಯೋ, ಪ್ರಾಣಿ ಬಿಡ್ರಪ್ಪಾ. 1928ರಲ್ಲಿ ವಿಜ್ಞಾನಿ ಫ್ಲೆಮಿಂಗ್ ರಜೆ ಮುಗಿಸಿ ಬಂದ. ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯಲ್ಲಿ ಬೂಷ್ಟು ಬೆಳೆದಿತ್ತು. ಪೆನಿಸಿಲಿನ್ ಸಿಕ್ಕಿತು. ಅದೃಷ್ಟ ಅಲ್ಲದೆ ಇನ್ನೇನು?

ಹಳೇ ಮೇಷ್ಟ್ರು: ಬೂಷ್ಟು ಬಂದದ್ದು ಆಕಸ್ಮಿಕ. ಅದರ ಸುತ್ತ ಬ್ಯಾಕ್ಟೀರಿಯಾ ಇಲ್ಲದ್ದನ್ನು ಕಂಡದ್ದು ಬುದ್ಧಿ. ನಿಮ್ಮಂಥವರಾಗಿದ್ದರೆ ತಟ್ಟೆ ತೊಳೆದಿಟ್ಟು ಊಟಕ್ಕೆ ಹೋಗುತ್ತಿದ್ದಿರಿ.

ಚುರುಮುರಿ: ವೈಯಕ್ತಿಕ ಯಾಕೆ ಬರ್ತೀರಿ? ಆಕಸ್ಮಿಕ ಅಂತ ನೀವೇ ಅಂದಿರಲ್ಲ, ಸಾಕು.

ಗಡಿಯಾರ: ಮೇಷ್ಟ್ರೇ, ತಟ್ಟೆ ಆಮೇಲೆ ತೊಳೆಯೋಣ. ಮೊದಲು ಆ ಹೇಸರಗತ್ತೆಯನ್ನು ತಿದ್ದಿ.